ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು: ಇತಿಹಾಸ, ಆಯ್ಕೆ ವಿಧಾನ ಮತ್ತು ದಾಖಲೆಗಳು

ಪೀಠಿಕೆ

ಭಾರತ ಸರ್ಕಾರವು ನೀಡುವ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ದೇಶದ ಚಲನಚಿತ್ರ ಕ್ಷೇತ್ರಕ್ಕೆ ಸಲ್ಲುವ ಅತ್ಯುನ್ನತ ಸರ್ಕಾರಿ ಗೌರವಗಳಾಗಿವೆ. 1954ರಲ್ಲಿ ಆರಂಭಗೊಂಡ ಈ ಪ್ರಶಸ್ತಿಗಳು ಏಳು ದಶಕಗಳನ್ನು ಪೂರೈಸಿವೆ. 2023ನೇ ಸಾಲಿನ ಚಿತ್ರಗಳಿಗೆ ಸಂಬಂಧಿಸಿದ 71ನೇ ಪ್ರಶಸ್ತಿಗಳನ್ನು 2025ರ ಸೆಪ್ಟೆಂಬರ್ 23ರಂದು ನವದೆಹಲಿಯ ವಿಜ್ಞಾನ ಭವನದಲ್ಲಿ ಪ್ರದಾನ ಮಾಡಲಾಯಿತು.

ಚಲನಚಿತ್ರಗಳಿಗೆ ಪ್ರಶಸ್ತಿ ನೀಡುವ ಖಾಸಗಿ ಸಂಸ್ಥೆಗಳೂ ಪತ್ರಿಕಾ ಸಮೂಹಗಳೂ ದೇಶದಲ್ಲಿ ಅನೇಕ ಇವೆ. ಅವುಗಳಿಗಿಂತ ರಾಷ್ಟ್ರೀಯ ಪ್ರಶಸ್ತಿಯು ಎರಡು ಕಾರಣಗಳಿಂದ ಭಿನ್ನವಾಗಿದೆ. ಮೊದಲನೆಯದಾಗಿ, ಭಾರತದ ಎಲ್ಲ ಭಾಷೆಗಳ ಚಿತ್ರಗಳನ್ನು ಇಲ್ಲಿ ಒಂದೇ ವೇದಿಕೆಯಲ್ಲಿ ಪರಿಶೀಲಿಸಲಾಗುತ್ತದೆ. ಎರಡನೆಯದಾಗಿ, ಚಿತ್ರದ ಗಳಿಕೆ, ಪ್ರದರ್ಶನ ಕಂಡ ದಿನಗಳ ಸಂಖ್ಯೆ ಅಥವಾ ನಟರ ಜನಪ್ರಿಯತೆ ಇಲ್ಲಿ ಅರ್ಹತೆಯ ಮಾನದಂಡಗಳಲ್ಲ. ಹತ್ತು ಚಿತ್ರಮಂದಿರಗಳಲ್ಲಿಯೂ ತೆರೆಕಾಣದ ಚಿತ್ರವು ನೂರಾರು ಕೋಟಿ ರೂಪಾಯಿ ವೆಚ್ಚದ ಚಿತ್ರದೊಡನೆ ಸಮಾನವಾಗಿ ಸ್ಪರ್ಧಿಸಬಹುದಾಗಿದೆ. ಸಣ್ಣ ಮಾರುಕಟ್ಟೆಯ ಭಾಷೆಗಳಿಗೆ ಈ ವ್ಯವಸ್ಥೆಯು ಎಷ್ಟು ಮುಖ್ಯವೆಂಬುದನ್ನು ಕನ್ನಡ, ತುಳು ಹಾಗೂ ಬ್ಯಾರಿ ಚಿತ್ರಗಳ ಇತಿಹಾಸವು ತೋರಿಸುತ್ತದೆ.

ಪ್ರಶಸ್ತಿಗಳ ಇತಿಹಾಸ, ಆಯ್ಕೆಯ ವಿಧಾನ, ಪ್ರಮುಖ ದಾಖಲೆಗಳು ಮತ್ತು ಕನ್ನಡ ಚಿತ್ರರಂಗದ ಸಾಧನೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರ ಚಲನಚಿತ್ರೋದ್ಯಮದ ಸ್ಥಿತಿಗತಿಗಳನ್ನು ಪರಿಶೀಲಿಸಲು ಎಸ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯಲ್ಲಿ 1949ರಲ್ಲಿ ಚಲನಚಿತ್ರ ವಿಚಾರಣಾ ಸಮಿತಿಯನ್ನು ನೇಮಿಸಲಾಯಿತು. ಸಮಿತಿಯು 1951ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಚಿತ್ರ ನಿರ್ಮಾಣಕ್ಕೆ ಸಾಲ ಒದಗಿಸುವ ಸಂಸ್ಥೆ, ತಂತ್ರಜ್ಞರಿಗೆ ತರಬೇತಿ ನೀಡುವ ಸಂಸ್ಥೆ ಮೊದಲಾದವುಗಳ ಅಗತ್ಯವನ್ನು ಈ ವರದಿಯು ಎತ್ತಿಹಿಡಿಯಿತು. ಮುಂದೆ 1960ರಲ್ಲಿ ಚಲನಚಿತ್ರ ಹಣಕಾಸು ನಿಗಮ ಮತ್ತು ಪುಣೆಯ ಚಲನಚಿತ್ರ ತರಬೇತಿ ಸಂಸ್ಥೆ, 1964ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅಸ್ತಿತ್ವಕ್ಕೆ ಬಂದವು. ಚಲನಚಿತ್ರವನ್ನು ತೆರಿಗೆ ಮತ್ತು ಸೆನ್ಸಾರಿನ ವಿಷಯವಾಗಿ ಮಾತ್ರ ಕಾಣುತ್ತಿದ್ದ ಆಡಳಿತವು ಅದನ್ನು ಕಲೆಯೆಂದು ಪರಿಗಣಿಸಲು ಆರಂಭಿಸಿದ ಕಾಲವಿದು.

ಈ ಹಿನ್ನೆಲೆಯಲ್ಲಿ 1953ನೇ ಸಾಲಿನ ಚಿತ್ರಗಳಿಗಾಗಿ ಸರ್ಕಾರಿ ಚಲನಚಿತ್ರ ಪ್ರಶಸ್ತಿಗಳನ್ನು ಸ್ಥಾಪಿಸಲಾಯಿತು. ಮೊದಲ ಪ್ರಶಸ್ತಿ ಪ್ರದಾನ ಸಮಾರಂಭವು 1954ರ ಅಕ್ಟೋಬರ್ 10ರಂದು ನಡೆಯಿತು. ಆಗ ಇದ್ದ ಪ್ರಶಸ್ತಿಗಳ ಸಂಖ್ಯೆ ಬಹಳ ಕಡಿಮೆ. ಅತ್ಯುತ್ತಮ ಕಥಾಚಿತ್ರ ಮತ್ತು ಅತ್ಯುತ್ತಮ ಸಾಕ್ಷ್ಯಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣ ಪದಕ, ಅತ್ಯುತ್ತಮ ಮಕ್ಕಳ ಚಿತ್ರಕ್ಕೆ ಪ್ರಧಾನ ಮಂತ್ರಿಗಳ ಸ್ವರ್ಣ ಪದಕ ಹಾಗೂ ಅರ್ಹತಾ ಪತ್ರಗಳು ಮಾತ್ರ ಇದ್ದವು. ಪಿ.ಕೆ. ಅತ್ರೆ ನಿರ್ದೇಶನದ ಮರಾಠಿ ಚಿತ್ರ "ಶ್ಯಾಮಚಿ ಆಯಿ" ಮೊದಲ ಸ್ವರ್ಣ ಪದಕವನ್ನು ಪಡೆಯಿತು. ಬಿಮಲ್ ರಾಯ್ ಅವರ "ದೋ ಬಿಘಾ ಜಮೀನ್" ಅರ್ಹತಾ ಪತ್ರಕ್ಕೆ ಪಾತ್ರವಾಯಿತು.

ಎರಡನೆಯ ವರ್ಷದಲ್ಲಿಯೇ ಒಂದು ಮಹತ್ವದ ಬದಲಾವಣೆ ಜಾರಿಗೆ ಬಂದಿತು. ಪ್ರಾದೇಶಿಕ ಭಾಷೆಗಳ ಚಿತ್ರಗಳಿಗೆ ಪ್ರತ್ಯೇಕವಾಗಿ ರಾಷ್ಟ್ರಪತಿಗಳ ರಜತ ಪದಕ ಮತ್ತು ಅರ್ಹತಾ ಪತ್ರಗಳನ್ನು ನೀಡಲು ನಿರ್ಧರಿಸಲಾಯಿತು. ಎಚ್.ಎಲ್.ಎನ್. ಸಿಂಹ ನಿರ್ದೇಶನದ "ಬೇಡರ ಕಣ್ಣಪ್ಪ" (1954) ಚಿತ್ರಕ್ಕೆ ಆ ವರ್ಷ ಕನ್ನಡ ವಿಭಾಗದ ಅರ್ಹತಾ ಪತ್ರವು ದೊರೆಯಿತು. ಡಾ. ರಾಜ್‌ಕುಮಾರ್ ಅವರು ನಾಯಕ ನಟರಾಗಿ ಅಭಿನಯಿಸಿದ ಮೊದಲ ಚಿತ್ರವೂ ಇದೇ ಆಗಿದೆ.

ಪ್ರಶಸ್ತಿಗಳ ಬೆಳವಣಿಗೆ

ಆರಂಭದ ಹದಿನಾಲ್ಕು ವರ್ಷಗಳ ಕಾಲ ಪ್ರಶಸ್ತಿಗಳು ಚಿತ್ರಗಳಿಗೆ ಸಲ್ಲುತ್ತಿದ್ದವೇ ಹೊರತು ಕಲಾವಿದರಿಗೆ ಪ್ರತ್ಯೇಕ ಗೌರವವಿರಲಿಲ್ಲ. 1967ನೇ ಸಾಲಿನ 15ನೇ ಪ್ರಶಸ್ತಿಗಳಿಂದ ಈ ಕೊರತೆಯು ನೀಗಿತು. ಅತ್ಯುತ್ತಮ ನಟನಿಗೆ ನೀಡಿದ ಪ್ರಶಸ್ತಿಯನ್ನು "ಭರತ್" ಎಂದೂ, ಅತ್ಯುತ್ತಮ ನಟಿಗೆ ನೀಡಿದ ಪ್ರಶಸ್ತಿಯನ್ನು "ಊರ್ವಶಿ" ಎಂದೂ ಆಗ ಕರೆಯಲಾಗುತ್ತಿತ್ತು. ಬಂಗಾಳಿ ನಟ ಉತ್ತಮ್ ಕುಮಾರ್ ಮತ್ತು ಹಿಂದಿ ನಟಿ ನರ್ಗಿಸ್ ಈ ಗೌರವಗಳಿಗೆ ಪಾತ್ರರಾದ ಮೊದಲಿಗರು. ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯೂ ಅದೇ ವರ್ಷ ಆರಂಭಗೊಂಡು ಸತ್ಯಜಿತ್ ರೇ ಅವರಿಗೆ ಸಂದಿತು.

ಭಾರತೀಯ ಚಿತ್ರರಂಗದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆ ಅವರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ಅವರ ಹೆಸರಿನ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಸ್ಥಾಪಿಸಲಾಯಿತು. 1969ನೇ ಸಾಲಿನ ಮೊದಲ ಪ್ರಶಸ್ತಿಯು ನಟಿ ದೇವಿಕಾ ರಾಣಿ ಅವರಿಗೆ ಸಂದಿತು. ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ವಿವಾಹವಾದ ದೇವಿಕಾ ರಾಣಿಯವರು ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿ, 1994ರಲ್ಲಿ ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು.

1970ರ ದಶಕದಲ್ಲಿ ಸ್ವರ್ಣ ಪದಕವು "ಸ್ವರ್ಣ ಕಮಲ"ವಾಗಿಯೂ ರಜತ ಪದಕವು "ರಜತ ಕಮಲ"ವಾಗಿಯೂ ಹೆಸರಾದವು. 1973ರಲ್ಲಿ ಸ್ಥಾಪನೆಯಾದ ಚಲನಚಿತ್ರೋತ್ಸವಗಳ ನಿರ್ದೇಶನಾಲಯವು ಸುಮಾರು ಐದು ದಶಕಗಳ ಕಾಲ ಪ್ರಶಸ್ತಿಗಳ ಆಡಳಿತವನ್ನು ನಿರ್ವಹಿಸಿತು. 2022ರಲ್ಲಿ ಈ ನಿರ್ದೇಶನಾಲಯವನ್ನೂ ಪುಣೆಯ ಚಲನಚಿತ್ರ ಸಂಗ್ರಹಾಲಯವನ್ನೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಇವೆಲ್ಲಕ್ಕೂ ಮೇಲ್ವಿಚಾರಣೆಯ ಸಚಿವಾಲಯವಾಗಿದೆ.

2022ನೇ ಸಾಲಿನ 70ನೇ ಪ್ರಶಸ್ತಿಗಳಿಂದ ನಿಯಮಗಳನ್ನು ಪರಿಷ್ಕರಿಸಲಾಗಿದೆ. ಸ್ವರ್ಣ ಕಮಲದೊಂದಿಗೆ 3 ಲಕ್ಷ ರೂಪಾಯಿ, ರಜತ ಕಮಲದೊಂದಿಗೆ 2 ಲಕ್ಷ ರೂಪಾಯಿ ನಗದು ಬಹುಮಾನ ನಿಗದಿಯಾಗಿದೆ. ರಾಷ್ಟ್ರೀಯ ಭಾವೈಕ್ಯ, ಸಾಮಾಜಿಕ ವಿಷಯ ಮತ್ತು ಪರಿಸರ ಸಂರಕ್ಷಣೆಗಾಗಿ ಪ್ರತ್ಯೇಕವಾಗಿದ್ದ ಪ್ರಶಸ್ತಿಗಳನ್ನು ಒಂದೇ ಪ್ರಶಸ್ತಿಯಾಗಿ ಸಂಯೋಜಿಸಲಾಗಿದೆ.

ಪ್ರಶಸ್ತಿ ವರ್ಷವನ್ನು ತಿಳಿಯುವ ಬಗೆ

ಪ್ರಶಸ್ತಿಯ ವರ್ಷದ ಬಗ್ಗೆ ಸಾರ್ವಜನಿಕರಲ್ಲಿ ಗೊಂದಲವಿರುವುದು ಸಾಮಾನ್ಯ. ಚಿತ್ರವು ತೆರೆಕಂಡ ದಿನಾಂಕವಾಗಲಿ, ಸಮಾರಂಭ ನಡೆದ ದಿನಾಂಕವಾಗಲಿ ಪ್ರಶಸ್ತಿ ವರ್ಷವನ್ನು ನಿರ್ಧರಿಸುವುದಿಲ್ಲ. ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಯಾವ ವರ್ಷದ ಜನವರಿ 1ರಿಂದ ಡಿಸೆಂಬರ್ 31ರ ಅವಧಿಯಲ್ಲಿ ಪ್ರಮಾಣಪತ್ರ ನೀಡಿದೆಯೋ ಆ ವರ್ಷವೇ ಪ್ರಶಸ್ತಿ ವರ್ಷವಾಗಿರುತ್ತದೆ.

ಚಿತ್ರದ ವರ್ಷದಿಂದ 1952ನ್ನು ಕಳೆದರೆ ಪ್ರಶಸ್ತಿಯ ಕ್ರಮಸಂಖ್ಯೆ ದೊರೆಯುತ್ತದೆ. 1953ನೇ ಸಾಲಿಗೆ 1ನೇ ಪ್ರಶಸ್ತಿ, 1977ನೇ ಸಾಲಿಗೆ 25ನೇ ಪ್ರಶಸ್ತಿ, 2022ನೇ ಸಾಲಿಗೆ 70ನೇ ಪ್ರಶಸ್ತಿ ಎಂದು ಲೆಕ್ಕ ಹಾಕಬಹುದು. "ಕಾಂತಾರ" ಚಿತ್ರವು 2022ರಲ್ಲಿ ತೆರೆಕಂಡಿತು. ಪ್ರಶಸ್ತಿ ಪ್ರಕಟವಾದದ್ದು 2024ರ ಆಗಸ್ಟ್ ತಿಂಗಳಲ್ಲಿ. ಪ್ರದಾನವಾದದ್ದು 2024ರ ಅಕ್ಟೋಬರ್ 8ರಂದು. ಆದರೂ ದಾಖಲೆಯಲ್ಲಿ ಅದು 2022ನೇ ಸಾಲಿನ ಪ್ರಶಸ್ತಿಯೇ ಆಗಿದೆ. ಕೊರೊನಾ ಸಾಂಕ್ರಾಮಿಕದ ಕಾರಣದಿಂದ 2019ನೇ ಸಾಲಿನ ಪ್ರಶಸ್ತಿಗಳು 2021ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರದಾನವಾದವು. ಅಂದಿನಿಂದ ಸಾಲು ಮತ್ತು ಸಮಾರಂಭಗಳ ನಡುವಿನ ಅಂತರವು ಹೆಚ್ಚಿದೆ.

ಆಯ್ಕೆ ವಿಧಾನ

ಪ್ರಶಸ್ತಿಗಳನ್ನು ಮುಖ್ಯವಾಗಿ ಕಥಾಚಿತ್ರಗಳು, ಕಥೇತರ ಚಿತ್ರಗಳು ಮತ್ತು ಚಲನಚಿತ್ರ ಕುರಿತ ಬರವಣಿಗೆ ಎಂದು ಮೂರು ವಿಭಾಗಗಳಲ್ಲಿ ನೀಡಲಾಗುತ್ತದೆ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ತೀರ್ಪುಗಾರರ ಮಂಡಳಿ ಇರುತ್ತದೆ. ಚಿತ್ರವು ತಾನಾಗಿಯೇ ಪರಿಗಣನೆಗೆ ಬರುವುದಿಲ್ಲ. ನಿಗದಿತ ಅವಧಿಯೊಳಗೆ ಅರ್ಜಿಯೊಂದಿಗೆ ಚಿತ್ರವನ್ನು ಸಲ್ಲಿಸಬೇಕಾಗುತ್ತದೆ. ಬೇರೆ ಭಾಷೆಯಿಂದ ಡಬ್ ಮಾಡಿದ ಆವೃತ್ತಿಗಳು ಕಥಾಚಿತ್ರ ವಿಭಾಗದಲ್ಲಿ ಅರ್ಹವಾಗುವುದಿಲ್ಲ.

ಕಥಾಚಿತ್ರಗಳ ಆಯ್ಕೆಯು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಐದು ಪ್ರಾದೇಶಿಕ ಸಮಿತಿಗಳು ತಮ್ಮ ವ್ಯಾಪ್ತಿಯ ಭಾಷೆಗಳ ಚಿತ್ರಗಳನ್ನು ವೀಕ್ಷಿಸಿ ಶಿಫಾರಸು ಮಾಡುತ್ತವೆ. ಎರಡನೆಯ ಹಂತದಲ್ಲಿ ಕೇಂದ್ರ ಸಮಿತಿಯು ಅಂತಿಮ ನಿರ್ಣಯ ಕೈಗೊಳ್ಳುತ್ತದೆ. ಒಂದೇ ಸಮಿತಿಯು ಹದಿನೈದು ಇಪ್ಪತ್ತು ಭಾಷೆಗಳ ಚಿತ್ರಗಳನ್ನು ಕೆಲವೇ ದಿನಗಳಲ್ಲಿ ವೀಕ್ಷಿಸಿದರೆ ಆಯಾ ಭಾಷೆಯ ಸೊಗಡು, ಒಳನುಡಿ ಮತ್ತು ಸಾಮಾಜಿಕ ಸಂದರ್ಭ ಕೈತಪ್ಪಿ ಹೋಗುವ ಸಂಭವವಿದೆ. ಭಾಷೆಯನ್ನು ಬಲ್ಲವರು ಮೊದಲು ನೋಡಲಿ ಎಂಬ ಆಶಯವು ಎರಡು ಹಂತಗಳ ಈ ವ್ಯವಸ್ಥೆಯಲ್ಲಿದೆ.

ಓದುಗರು ಗಮನಿಸಬೇಕಾದ ಮತ್ತೊಂದು ವ್ಯತ್ಯಾಸವಿದೆ. "ಅತ್ಯುತ್ತಮ ಕಥಾಚಿತ್ರ" ಎಂಬುದು ಎಲ್ಲ ಭಾಷೆಗಳ ಪೈಕಿ ಒಂದು ಚಿತ್ರಕ್ಕೆ ಸಲ್ಲುವ ಸ್ವರ್ಣ ಕಮಲವಾಗಿದೆ. "ಅತ್ಯುತ್ತಮ ಕನ್ನಡ ಚಿತ್ರ" ಎಂಬುದು ಆ ವರ್ಷದ ಕನ್ನಡ ಚಿತ್ರಗಳ ಪೈಕಿ ಆಯ್ಕೆಯಾದ ಚಿತ್ರಕ್ಕೆ ಸಲ್ಲುವ ರಜತ ಕಮಲವಾಗಿದೆ. ಪತ್ರಿಕಾ ವರದಿಗಳಲ್ಲಿ ಎರಡನ್ನೂ "ರಾಷ್ಟ್ರ ಪ್ರಶಸ್ತಿ" ಎಂದೇ ಬರೆಯುವ ರೂಢಿ ಇರುವುದರಿಂದ ಈ ಭೇದವು ಮರೆಯಾಗುತ್ತದೆ. ಕರ್ನಾಟಕ ಸರ್ಕಾರವು ನೀಡುವ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಇವೆರಡರಿಂದಲೂ ಪ್ರತ್ಯೇಕವಾದವು.

ಪ್ರಶಸ್ತಿಯನ್ನು ರಾಷ್ಟ್ರಪತಿಗಳು ಪ್ರದಾನ ಮಾಡುವುದು ಸಂಪ್ರದಾಯ. 2018ರ ಮೇ 3ರಂದು ನಡೆದ 65ನೇ ಸಮಾರಂಭದಲ್ಲಿ ರಾಷ್ಟ್ರಪತಿಗಳು 11 ಪ್ರಶಸ್ತಿಗಳನ್ನು ಮಾತ್ರ ಪ್ರದಾನ ಮಾಡಿ, ಉಳಿದವುಗಳನ್ನು ಸಚಿವರು ನೀಡುವ ವ್ಯವಸ್ಥೆ ಮಾಡಲಾಗಿತ್ತು. ಹಲವು ವಿಜೇತರು ಇದನ್ನು ಪ್ರತಿಭಟಿಸಿ ಸಮಾರಂಭಕ್ಕೆ ಗೈರುಹಾಜರಾದರು. ಕಲಾವಿದರು ನಗದು ಬಹುಮಾನಕ್ಕಿಂತಲೂ ರಾಷ್ಟ್ರದ ಪ್ರಥಮ ಪ್ರಜೆಯ ಹಸ್ತದಿಂದ ಸಲ್ಲುವ ಗೌರವಕ್ಕೆ ಎಷ್ಟು ಬೆಲೆ ನೀಡುತ್ತಾರೆ ಎಂಬುದು ಈ ಪ್ರಸಂಗದಿಂದ ವ್ಯಕ್ತವಾಗುತ್ತದೆ.

ಪ್ರಮುಖ ದಾಖಲೆಗಳು

ಅತ್ಯುತ್ತಮ ನಿರ್ದೇಶಕ: ಸತ್ಯಜಿತ್ ರೇ ಅವರು ಆರು ಬಾರಿ ಈ ಪ್ರಶಸ್ತಿಯನ್ನು ಪಡೆದಿದ್ದಾರೆ. 1967ರ "ಚಿಡಿಯಾಖಾನಾ"ದಿಂದ ಆರಂಭಗೊಂಡ ಈ ಪಟ್ಟಿಯು 1991ರ "ಆಗಂತುಕ್" ಚಿತ್ರದೊಂದಿಗೆ ಮುಗಿಯುತ್ತದೆ. "ಪಥೇರ್ ಪಾಂಚಾಲಿ" (1955) ಸೇರಿದಂತೆ ಅವರ ನಿರ್ದೇಶನದ ಆರು ಚಿತ್ರಗಳು ಅತ್ಯುತ್ತಮ ಕಥಾಚಿತ್ರ ಗೌರವವನ್ನೂ ಪಡೆದಿವೆ.

ಅತ್ಯುತ್ತಮ ನಟಿ: ಶಬಾನಾ ಆಜ್ಮಿ ಅವರು ಐದು ಬಾರಿ ಪ್ರಶಸ್ತಿ ಗಳಿಸಿದ್ದಾರೆ. "ಅಂಕುರ್" (1974) ಮೊದಲನೆಯದು. "ಅರ್ಥ್" (1982), "ಖಂಡಹರ್" (1983) ಮತ್ತು "ಪಾರ್" (1984) ಚಿತ್ರಗಳಿಗಾಗಿ ಸತತ ಮೂರು ವರ್ಷ ಪ್ರಶಸ್ತಿ ಪಡೆದ ಅವರು "ಗಾಡ್‌ಮದರ್" (1998) ಚಿತ್ರದ ಮೂಲಕ ಐದನೆಯದನ್ನು ಪಡೆದರು.

ಅತ್ಯುತ್ತಮ ನಟ: ಅಮಿತಾಭ್ ಬಚ್ಚನ್ ಅವರು "ಅಗ್ನಿಪಥ್" (1990), "ಬ್ಲ್ಯಾಕ್" (2005), "ಪಾ" (2009) ಮತ್ತು "ಪೀಕು" (2015) ಚಿತ್ರಗಳಿಗಾಗಿ ನಾಲ್ಕು ಬಾರಿ ಪಡೆದಿದ್ದಾರೆ. ಕಮಲ್ ಹಾಸನ್, ಮಮ್ಮುಟ್ಟಿ ಮತ್ತು ಅಜಯ್ ದೇವಗನ್ ತಲಾ ಮೂರು ಬಾರಿ ವಿಜೇತರಾಗಿದ್ದಾರೆ.

ಹಿನ್ನೆಲೆ ಗಾಯನ: ಕೆ.ಜೆ. ಯೇಸುದಾಸ್ ಅವರು ಎಂಟು ಬಾರಿ, ಗಾಯಕಿಯರಲ್ಲಿ ಕೆ.ಎಸ್. ಚಿತ್ರಾ ಅವರು ಆರು ಬಾರಿ ಪ್ರಶಸ್ತಿ ಪಡೆದಿದ್ದಾರೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಆರು ಪ್ರಶಸ್ತಿಗಳು ತೆಲುಗು, ಹಿಂದಿ, ಕನ್ನಡ ಮತ್ತು ತಮಿಳು ಎಂಬ ನಾಲ್ಕು ಭಾಷೆಗಳಲ್ಲಿ ಹಂಚಿಕೊಂಡಿರುವುದು ವಿಶೇಷ. ಕನ್ನಡದ "ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ" (1995) ಚಿತ್ರದ ಗಾಯನಕ್ಕೆ ಅವರಿಗೂ, ಸಂಗೀತ ನಿರ್ದೇಶನಕ್ಕೆ ಹಂಸಲೇಖ ಅವರಿಗೂ ಪ್ರಶಸ್ತಿ ದೊರೆಯಿತು.

ಸಂಗೀತ ನಿರ್ದೇಶನ: ಎ.ಆರ್. ರೆಹಮಾನ್ ಅವರು "ರೋಜಾ" ಚಿತ್ರದಿಂದ ಮೊದಲ್ಗೊಂಡು ಏಳು ಪ್ರಶಸ್ತಿಗಳನ್ನು ಪಡೆದಿದ್ದಾರೆ.

ದಕ್ಷಿಣದ ಭಾಷೆಗಳು: ಅತ್ಯುತ್ತಮ ಕಥಾಚಿತ್ರ ಗೌರವ ಪಡೆದ ಮೊದಲ ದಕ್ಷಿಣ ಭಾರತೀಯ ಚಿತ್ರ ಮಲಯಾಳದ "ಚೆಮ್ಮೀನ್" (1965). ಎರಡನೆಯದು ಕನ್ನಡದ "ಸಂಸ್ಕಾರ" (1970). ತಮಿಳಿಗೆ "ಮರುಪಕ್ಕಂ" (1990) ಮೂಲಕವೂ ತೆಲುಗಿಗೆ "ಬಾಹುಬಲಿ: ದ ಬಿಗಿನಿಂಗ್" (2015) ಮೂಲಕವೂ ಈ ಗೌರವವು ಮೊದಲ ಬಾರಿ ಪ್ರಾಪ್ತವಾಯಿತು.

ಕನ್ನಡದ ಆರು ಸ್ವರ್ಣ ಕಮಲಗಳು

ಕನ್ನಡದ ಆರು ಚಿತ್ರಗಳು ಅತ್ಯುತ್ತಮ ಕಥಾಚಿತ್ರ ಗೌರವಕ್ಕೆ ಪಾತ್ರವಾಗಿವೆ. ಅವುಗಳ ವಿವರ ಈ ಕೆಳಗಿನಂತಿದೆ.

1. ಸಂಸ್ಕಾರ (1970, 18ನೇ ಪ್ರಶಸ್ತಿ). ನಿರ್ದೇಶನ: ಪಟ್ಟಾಭಿರಾಮ ರೆಡ್ಡಿ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ಆಧಾರಿತ. ಈ ಚಿತ್ರದ ಪ್ರದರ್ಶನಕ್ಕೆ ಸೆನ್ಸಾರ್ ಮಂಡಳಿಯು ಆರಂಭದಲ್ಲಿ ಅನುಮತಿ ನಿರಾಕರಿಸಿತ್ತು. ನಂತರ ಅನುಮತಿ ದೊರೆತು, ರಾಷ್ಟ್ರಪತಿಗಳ ಸ್ವರ್ಣ ಪದಕವೂ ಸಂದಿತು.

2. ಚೋಮನ ದುಡಿ (1975, 23ನೇ ಪ್ರಶಸ್ತಿ). ನಿರ್ದೇಶನ: ಬಿ.ವಿ. ಕಾರಂತ. ಶಿವರಾಮ ಕಾರಂತರ ಕಾದಂಬರಿ ಆಧಾರಿತ. ಸ್ವಂತದ್ದೊಂದು ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬ ದಲಿತ ಜೀತಗಾರನ ಈಡೇರದ ಆಸೆ ಇದರ ವಸ್ತು. ಚೋಮನ ಪಾತ್ರಕ್ಕಾಗಿ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟ ಪ್ರಶಸ್ತಿಯನ್ನೂ, ಶಿವರಾಮ ಕಾರಂತರು ಅತ್ಯುತ್ತಮ ಕಥಾ ಪ್ರಶಸ್ತಿಯನ್ನೂ ಪಡೆದರು.

3. ಘಟಶ್ರಾದ್ಧ (1977, 25ನೇ ಪ್ರಶಸ್ತಿ). ನಿರ್ದೇಶನ: ಗಿರೀಶ ಕಾಸರವಳ್ಳಿ. ಯು.ಆರ್. ಅನಂತಮೂರ್ತಿ ಅವರ ಕಥೆ ಆಧಾರಿತ. ಇದು ನಿರ್ದೇಶಕರ ಮೊದಲ ಕಥಾಚಿತ್ರ. ಸಂಗೀತ ನಿರ್ದೇಶನಕ್ಕಾಗಿ ಬಿ.ವಿ. ಕಾರಂತ ಅವರೂ ಪ್ರಶಸ್ತಿ ಪಡೆದರು.

4. ತಬರನ ಕಥೆ (1986, 34ನೇ ಪ್ರಶಸ್ತಿ). ನಿರ್ದೇಶನ: ಗಿರೀಶ ಕಾಸರವಳ್ಳಿ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ ಕಥೆ ಆಧಾರಿತ. ತಬರನ ಪಾತ್ರಕ್ಕಾಗಿ ಚಾರುಹಾಸನ್ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು.

5. ತಾಯಿ ಸಾಹೇಬ (1997, 45ನೇ ಪ್ರಶಸ್ತಿ). ನಿರ್ದೇಶನ: ಗಿರೀಶ ಕಾಸರವಳ್ಳಿ. ರಂ.ಶಾ. ಲೋಕಾಪುರ ಅವರ ಕಾದಂಬರಿ ಆಧಾರಿತ. ಚಿತ್ರವನ್ನು ನಿರ್ಮಿಸಿ ಮುಖ್ಯ ಪಾತ್ರದಲ್ಲಿ ಅಭಿನಯಿಸಿದ ಜಯಮಾಲಾ ಅವರು ತೀರ್ಪುಗಾರರ ವಿಶೇಷ ಪ್ರಶಸ್ತಿಗೆ ಪಾತ್ರರಾದರು.

6. ದ್ವೀಪ (2001, 49ನೇ ಪ್ರಶಸ್ತಿ). ನಿರ್ದೇಶನ: ಗಿರೀಶ ಕಾಸರವಳ್ಳಿ. ನಾ. ಡಿಸೋಜ ಅವರ ಕಾದಂಬರಿ ಆಧಾರಿತ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿರುವ ಊರಿನ ಕುಟುಂಬವೊಂದರ ಕಥೆ. ನಟಿ ಸೌಂದರ್ಯ ಅವರು ಚಿತ್ರವನ್ನು ನಿರ್ಮಿಸಿ ಅಭಿನಯಿಸಿದ್ದರು. ಛಾಯಾಗ್ರಹಣಕ್ಕಾಗಿ ಎಚ್.ಎಂ. ರಾಮಚಂದ್ರ ಪ್ರಶಸ್ತಿ ಪಡೆದರು.

ಈ ಪಟ್ಟಿಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. 1970ರಿಂದ 1977ರವರೆಗಿನ ಎಂಟು ವರ್ಷಗಳಲ್ಲಿ ಮೂರು ಬಾರಿ ರಾಷ್ಟ್ರದ ಅತ್ಯುತ್ತಮ ಚಿತ್ರವು ಕನ್ನಡದ್ದಾಗಿತ್ತು. ಹೊಸ ಅಲೆಯ ಚಿತ್ರಗಳೆಂದು ಹೆಸರಾದ ಪ್ರಯೋಗಗಳು ಕನ್ನಡದಲ್ಲಿ ಫಲ ನೀಡಿದ ಕಾಲವದು. ಇದೇ ಅವಧಿಯಲ್ಲಿ "ವಂಶವೃಕ್ಷ" (1971) ಚಿತ್ರಕ್ಕಾಗಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ ಅವರು ಜಂಟಿಯಾಗಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನು ಪಡೆದರು. ಕಾರ್ನಾಡರ "ಕಾಡು" (1973) ದ್ವಿತೀಯ ಅತ್ಯುತ್ತಮ ಕಥಾಚಿತ್ರವೆನಿಸಿ, ಅದರ ನಟಿ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಲಭಿಸಿತು.

ಆರು ಚಿತ್ರಗಳೂ ಕನ್ನಡ ಸಾಹಿತ್ಯ ಕೃತಿಗಳನ್ನು ಆಧರಿಸಿವೆ ಎಂಬುದು ಎರಡನೆಯ ಅಂಶ. ಕಾದಂಬರಿಕಾರರೂ ಕಥೆಗಾರರೂ ಮೊದಲೇ ಅಗೆದು ಹದಗೊಳಿಸಿದ್ದ ನೆಲದಲ್ಲಿ ನಿರ್ದೇಶಕರು ಬೆಳೆ ತೆಗೆದರು. ಸಾಹಿತ್ಯದೊಡನೆ ಚಿತ್ರರಂಗದ ನಂಟು ಸಡಿಲವಾದ ವರ್ಷಗಳಲ್ಲಿ ಈ ವಿಭಾಗದಲ್ಲಿ ಕನ್ನಡದ ಹೆಸರು ವಿರಳವಾದದ್ದು ಆಕಸ್ಮಿಕವಲ್ಲವೆಂದು ಭಾವಿಸಲು ಅವಕಾಶವಿದೆ. 49ನೇ ಪ್ರಶಸ್ತಿಯ ನಂತರ 71ನೇ ಪ್ರಶಸ್ತಿಯವರೆಗೆ ಈ ಗೌರವವು ಕನ್ನಡ ಭಾಷೆಯ ಚಿತ್ರಕ್ಕೆ ಮತ್ತೆ ಬಂದಿಲ್ಲ.

ಮೂರನೆಯ ಅಂಶವು ಸರ್ಕಾರಿ ಕಚೇರಿಗಳಲ್ಲಿ ಸೇವೆ ಸಲ್ಲಿಸುವ ಎಲ್ಲರೂ ಮನನ ಮಾಡಬೇಕಾದುದು. "ತಬರನ ಕಥೆ" ಚಿತ್ರದ ತಬರ ಶೆಟ್ಟಿ ಒಬ್ಬ ನಿವೃತ್ತ ಕೆಳದರ್ಜೆಯ ನೌಕರ. ತನಗೆ ನ್ಯಾಯವಾಗಿ ಸಲ್ಲಬೇಕಾದ ನಿವೃತ್ತಿ ವೇತನಕ್ಕಾಗಿ ಆತ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕಡತವು ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಮಧುಮೇಹದಿಂದ ನರಳುತ್ತಿದ್ದ ಆತನ ಪತ್ನಿಯ ಕಾಲಿಗೆ ಚಿಕಿತ್ಸೆ ಕೊಡಿಸುವ ಸಮಯ ಮೀರಿಹೋಗುತ್ತದೆ. ಆಡಳಿತದ ನಿರ್ದಯ ವಿಳಂಬವನ್ನು ಇಷ್ಟು ನೇರವಾಗಿ ಎತ್ತಿ ತೋರಿಸಿದ ಚಿತ್ರಕ್ಕೆ ಅದೇ ಆಡಳಿತದ ಅತ್ಯುನ್ನತ ಪ್ರಶಸ್ತಿಯು ಸಂದಿತು. ಸರ್ಕಾರವು ನೀಡುವ ಪ್ರಶಸ್ತಿಯು ಸರ್ಕಾರವನ್ನು ಹೊಗಳಿದ ಕೃತಿಗಳಿಗಷ್ಟೇ ಮೀಸಲಾದರೆ ಅದಕ್ಕೆ ಬೆಲೆ ಉಳಿಯುವುದಿಲ್ಲ. ತೀರ್ಪುಗಾರರ ಸ್ವಾತಂತ್ರ್ಯವೆಂದರೆ ಏನೆಂಬುದನ್ನು ವಿವರಿಸಲು ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಕಲಾವಿದರ ಸಾಧನೆ

ಕನ್ನಡ ಚಿತ್ರಗಳ ಅಭಿನಯಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದವರಲ್ಲಿ ಎಂ.ವಿ. ವಾಸುದೇವರಾವ್ ಮತ್ತು ಚಾರುಹಾಸನ್ ಅವರ ನಂತರದ ಹೆಸರು ಸಂಚಾರಿ ವಿಜಯ್ ಅವರದು. ಬಿ.ಎಸ್. ಲಿಂಗದೇವರು ನಿರ್ದೇಶನದ "ನಾನು ಅವನಲ್ಲ... ಅವಳು" (2014) ಚಿತ್ರದಲ್ಲಿ ಅವರು ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯ ಪಾತ್ರವನ್ನು ನಿರ್ವಹಿಸಿದ್ದರು. ರಂಗಭೂಮಿಯಿಂದ ಬಂದ ಈ ನಟ 2021ರಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. 2022ನೇ ಸಾಲಿನಲ್ಲಿ "ಕಾಂತಾರ" ಚಿತ್ರಕ್ಕಾಗಿ ರಿಷಬ್ ಶೆಟ್ಟಿ ಅವರು ಈ ಪ್ರಶಸ್ತಿ ಪಡೆದರು. ಅದೇ ಚಿತ್ರವು ಸದಭಿರುಚಿಯ ಮನರಂಜನೆ ನೀಡುವ ಅತ್ಯುತ್ತಮ ಜನಪ್ರಿಯ ಚಿತ್ರವೆಂದೂ ಆಯ್ಕೆಯಾಯಿತು. ಆ ವರ್ಷ ಅತ್ಯುತ್ತಮ ಕನ್ನಡ ಚಿತ್ರವಾಗಿ ಆಯ್ಕೆಯಾದದ್ದು "ಕೆ.ಜಿ.ಎಫ್. ಚಾಪ್ಟರ್ 2".

ಅತ್ಯುತ್ತಮ ನಟಿ ಪ್ರಶಸ್ತಿಯು "ಹಸೀನಾ" (2004) ಚಿತ್ರಕ್ಕಾಗಿ ತಾರಾ ಅವರಿಗೂ, "ಗುಲಾಬಿ ಟಾಕೀಸ್" (2007) ಚಿತ್ರಕ್ಕಾಗಿ ಉಮಾಶ್ರೀ ಅವರಿಗೂ ಲಭಿಸಿದೆ. ಎರಡೂ ಚಿತ್ರಗಳನ್ನು ನಿರ್ದೇಶಿಸಿದವರು ಗಿರೀಶ ಕಾಸರವಳ್ಳಿ. ಮೊದಲನೆಯದಕ್ಕೆ ಬಾನು ಮುಷ್ತಾಕ್ ಅವರ ಕಥೆಯೂ ಎರಡನೆಯದಕ್ಕೆ ವೈದೇಹಿ ಅವರ ಕಥೆಯೂ ಆಧಾರವಾಗಿದೆ. ಬಾನು ಮುಷ್ತಾಕ್ ಅವರು 2025ರಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದನ್ನು ಇಲ್ಲಿ ಸ್ಮರಿಸಬಹುದು.

ಗಾಯನ ವಿಭಾಗದಲ್ಲಿ "ಕಾಡು ಕುದುರೆ" (1978) ಚಿತ್ರಕ್ಕಾಗಿ ಶಿವಮೊಗ್ಗ ಸುಬ್ಬಣ್ಣ ಅವರೂ, "ಜೀವನ ಚೈತ್ರ" (1992) ಚಿತ್ರಕ್ಕಾಗಿ ಡಾ. ರಾಜ್‌ಕುಮಾರ್ ಅವರೂ ಪ್ರಶಸ್ತಿ ಪಡೆದಿದ್ದಾರೆ. ನಾಯಕ ನಟರಾಗಿ ನಾಡಿನ ಮನೆಮಾತಾಗಿದ್ದ ಡಾ. ರಾಜ್‌ಕುಮಾರ್ ಅವರಿಗೆ ಸ್ಪರ್ಧಾತ್ಮಕ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂದದ್ದು ಗಾಯನ ವಿಭಾಗದಲ್ಲಿ. 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಸಂದಿತು. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಈ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರೇ.

"ಕೇರ್ ಆಫ್ ಫುಟ್‌ಪಾತ್" (2006) ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಪ್ರಶಸ್ತಿ ದೊರೆಯಿತು. ಅದನ್ನು ನಿರ್ದೇಶಿಸಿದ ಮಾಸ್ಟರ್ ಕಿಶನ್ ಸ್ವತಃ ಬಾಲಕನಾಗಿದ್ದು, ಅತಿ ಕಿರಿಯ ಚಲನಚಿತ್ರ ನಿರ್ದೇಶಕನೆಂದು ಆಗ ಗಿನ್ನೆಸ್ ದಾಖಲೆಗೂ ಸೇರಿದ್ದನು.

ಕರ್ನಾಟಕದ ಇತರ ಭಾಷೆಗಳು

ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸೇರದ ಭಾಷೆಗಳ ಚಿತ್ರಗಳನ್ನೂ ಪ್ರಶಸ್ತಿಗೆ ಪರಿಗಣಿಸಲಾಗುತ್ತದೆ. ಕರ್ನಾಟಕದ ಪಾಲಿಗೆ ಈ ಅವಕಾಶವು ಅರ್ಥಪೂರ್ಣವಾಗಿದೆ. ತುಳು ಭಾಷೆಯ "ಗಗ್ಗರ" (2008), "ಮದಿಪು" (2016), "ಪಡ್ಡಾಯಿ" (2017), "ಪಿಂಗಾರ" (2019) ಮತ್ತು "ಜೀಟಿಗೆ" (2020) ಅತ್ಯುತ್ತಮ ತುಳು ಚಿತ್ರ ಪ್ರಶಸ್ತಿಯನ್ನು ಪಡೆದಿವೆ.

2011ನೇ ಸಾಲಿನಲ್ಲಿ ಇನ್ನೂ ದೊಡ್ಡ ಸಾಧನೆ ದಾಖಲಾಯಿತು. ಕರಾವಳಿಯ ಬ್ಯಾರಿ ಸಮುದಾಯದ ಭಾಷೆಯಲ್ಲಿ ನಿರ್ಮಾಣವಾದ ಮೊದಲ ಚಿತ್ರ "ಬ್ಯಾರಿ", ಮರಾಠಿಯ "ದೇವೂಳ್" ಚಿತ್ರದೊಂದಿಗೆ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿಯನ್ನು ಹಂಚಿಕೊಂಡಿತು. ಮನೆಮಾತಾಗಿ ಮಾತ್ರ ಉಳಿದಿದ್ದ ಭಾಷೆಯೊಂದು ತನ್ನ ಮೊದಲ ಪ್ರಯತ್ನದಲ್ಲಿಯೇ ಸ್ವರ್ಣ ಕಮಲ ಪಡೆದ ಈ ನಿದರ್ಶನವು ಪ್ರಶಸ್ತಿಯ ಮೂಲ ಉದ್ದೇಶವನ್ನು ಸಾರ್ಥಕಗೊಳಿಸುತ್ತದೆ.

ಪ್ರಶಸ್ತಿ ಮತ್ತು ಸಂರಕ್ಷಣೆ

ಪ್ರಶಸ್ತಿ ಬಂದ ಮಾತ್ರಕ್ಕೆ ಚಿತ್ರವು ಚಿರಸ್ಥಾಯಿಯಾಗುವುದಿಲ್ಲ. ಫಿಲ್ಮ್ ಸುರುಳಿಗಳು ಶಾಖ ಮತ್ತು ತೇವಾಂಶದಿಂದ ಬೇಗನೆ ಹಾಳಾಗುತ್ತವೆ. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನ"ದ ಪ್ರತಿ ಇಂದು ಲಭ್ಯವಿಲ್ಲ. ನಾಡಿನ ಚಿತ್ರರಂಗದ ಮೊದಲ ಪುಟವೇ ನಷ್ಟವಾಗಿದೆ.

ಪ್ರಶಸ್ತಿ ಪಡೆದ ಚಿತ್ರಗಳು ಸಂಗ್ರಹಾಲಯದ ಗಮನಕ್ಕೆ ಬರುವ ಸಾಧ್ಯತೆಯು ಇತರ ಚಿತ್ರಗಳಿಗಿಂತ ಹೆಚ್ಚು. ದೊಡ್ಡ ಬಂಡವಾಳದ ಬೆಂಬಲವಿಲ್ಲದ ಸಣ್ಣ ಚಿತ್ರಕ್ಕೆ ಇದು ಬಹುಮಾನದ ಮೊತ್ತಕ್ಕಿಂತ ಬೆಲೆಯುಳ್ಳ ಪ್ರಯೋಜನವಾಗಿದೆ. "ಘಟಶ್ರಾದ್ಧ" ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಹಯೋಗಿ ಸಂಸ್ಥೆಗಳು ನವೀಕರಿಸಿದ್ದು, ಆ ಪ್ರತಿಯು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನಿರ್ಮಾಣವಾದ ನಲವತ್ತೇಳು ವರ್ಷಗಳ ನಂತರ ಹೊಸ ಪೀಳಿಗೆಯ ಪ್ರೇಕ್ಷಕರು ಅದನ್ನು ಮೂಲ ಸ್ವರೂಪದಲ್ಲಿ ಕಾಣುವಂತಾಯಿತು. ಪ್ರಶಸ್ತಿ ಪಡೆದೂ ನವೀಕರಣಗೊಳ್ಳದ ಕನ್ನಡ ಚಿತ್ರಗಳು ಇನ್ನೂ ಹಲವಿವೆ. ಹಳೆಯ ಚಿತ್ರಗಳ ನೆಗೆಟಿವ್, ಪ್ರಿಂಟ್, ಭಿತ್ತಿಪತ್ರ, ಹಾಡಿನ ಪುಸ್ತಕ ಅಥವಾ ಸ್ಥಿರಚಿತ್ರಗಳನ್ನು ಹೊಂದಿರುವ ನಿರ್ಮಾಪಕರ ಕುಟುಂಬದವರು, ಚಿತ್ರಮಂದಿರದ ಮಾಲೀಕರು ಹಾಗೂ ಹಂಚಿಕೆದಾರರು ಅವುಗಳನ್ನು ಮೂಲೆಗೆ ಹಾಕದೆ ಸಂಗ್ರಹಾಲಯಗಳಿಗೆ ಒದಗಿಸುವುದು ನಾಡಿಗೆ ಸಲ್ಲಿಸುವ ದೊಡ್ಡ ಸೇವೆಯಾಗುತ್ತದೆ.

ಉಪಸಂಹಾರ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯನ್ನು ವಿಜೇತರ ಹೆಸರುಗಳ ಸಾಲಾಗಿ ಮಾತ್ರ ಓದಬೇಕಾಗಿಲ್ಲ. ಯಾವ ಕಾಲದಲ್ಲಿ ಯಾವ ಭಾಷೆಯ ಜನರು ಏನನ್ನು ಕುರಿತು ಚಿಂತಿಸುತ್ತಿದ್ದರು ಎಂಬುದಕ್ಕೂ ಅದು ದಾಖಲೆಯಾಗಿದೆ. ಜೀತ, ವಿಧವೆಯರ ಬವಣೆ, ಕಚೇರಿಯ ವಿಳಂಬ, ಮುಳುಗಡೆ, ಲಿಂಗತ್ವದ ಘನತೆ ಇವೆಲ್ಲವೂ ಕನ್ನಡದ ಪಟ್ಟಿಯಲ್ಲಿ ದೊರೆಯುತ್ತವೆ. 2023ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವಾಗಿ "ಕಂದೀಲು" ಆಯ್ಕೆಯಾಗಿರುತ್ತದೆ. ಪ್ರಶಸ್ತಿ ಪ್ರಕಟವಾದ ದಿನ ಪತ್ರಿಕೆಯಲ್ಲಿ ಹೆಸರನ್ನು ಓದುವುದಷ್ಟಕ್ಕೇ ನಿಲ್ಲದೆ, ಅಂತಹ ಚಿತ್ರಗಳನ್ನು ಹುಡುಕಿ ನೋಡುವ ಪ್ರೇಕ್ಷಕರು ಹೆಚ್ಚಿದಾಗ ಪ್ರಶಸ್ತಿಯ ಉದ್ದೇಶವು ಪೂರ್ಣವಾಗಿ ಈಡೇರುತ್ತದೆ.